ಒಂದೇ ದಾರಿಗೆ ಎರಡು ಪುಟ

ಕೊಯ್ಲು ಮುಗಿದು ರಸ್ತೆಯಂಚಿನಲ್ಲಿ ಕಾಳು ಒಣಗಿಸುವ ದಿನಗಳು ಬಂದವೆಂದರೆ, ಓಟದ ಸಂಘದ ಕಚೇರಿಯಲ್ಲಿ ದಾರಿಗಳ ಪುಸ್ತಕವನ್ನು ಹೊಸದಾಗಿ ಬರೆಯುವ ಕೆಲಸ ಶುರುವಾಗುತ್ತಿತ್ತು. ಅಳೆದು ಪ್ರಮಾಣಪತ್ರ ಕೊಟ್ಟ ಪ್ರತಿ ದಾರಿಗೂ ಅದರಲ್ಲಿ ಒಂದು ಪುಟ, ಒಂದು ನಂಬರು. ಒಂದೇ ದಾರಿಯಲ್ಲಿ ನಾಲ್ಕು ಓಟ ನಡೆದರೂ ಪುಟ ಒಂದೇ. ದಾರಿಗೆ ಹೆಸರಿಡುವುದು ರಸ್ತೆಯನ್ನು ನೋಡಿ, ಓಟ ನಡೆಸುವವರನ್ನು ನೋಡಿ ಅಲ್ಲ. ಹದಿನಾಲ್ಕು ವರ್ಷದಿಂದ ಆ ಪುಸ್ತಕ ಬರೆಯುತ್ತಿದ್ದವಳು ಬಂದವರಿಗೆಲ್ಲ ಇದನ್ನೇ ಹೇಳಿಕೊಡುತ್ತಿದ್ದಳು.

ಆ ಮಧ್ಯಾಹ್ನ ಅವಳ ಪೆನ್ನು ನಿಂತಿತು. ಇಪ್ಪತ್ತೊಂದನೆಯ ಪುಟದಲ್ಲಿ ‘ಕೆರೆ ಏರಿ, ಹತ್ತು ಕಿಲೋಮೀಟರ್’. ಮೂವತ್ತರಲ್ಲಿ ‘ಹಾಲಿನ ಸಂಘದ ಓಟದ ದಾರಿ’. ಎರಡೂ ಗಿರಣಿಯ ಮುಂದೆ ಹೊರಟು, ಏರಿಯ ಮೇಲೆ ಹೋಗಿ, ರಸ್ತೆಗೆ ಗುರುತಾಗಿ ಹೊಡೆದ ಒಂದು ಮೊಳೆಯ ಹತ್ತಿರ ತಿರುಗಿ ಬರುವ ದಾರಿಗಳು. ಅಂದರೆ ಒಂದೇ ದಾರಿ. ಹಾಲಿನ ಸಂಘದವರು ಅವಸರ ಮಾಡಿದರೆಂದು ಎರಡನೆಯದನ್ನು ಬರೆದದ್ದು ತನ್ನದೇ ಕೈ. ಆಮೇಲೆ ಏರಿಯ ಮೋರಿ ಹೊಸದಾಗಿ ಕಟ್ಟಿದಾಗ ರಸ್ತೆಯ ಬಳಸು ಹೋಗಿ ದಾರಿ ಗಿಡ್ಡವಾದ್ದರಿಂದ, ತಿರುಗುವ ಮೊಳೆಯನ್ನು ಮುಂದಕ್ಕೆ ಹೊಡೆದಿದ್ದರು. ಆ ತಿದ್ದುಪಡಿ ಬಿದ್ದದ್ದು ಇಪ್ಪತ್ತೊಂದರಲ್ಲಿ ಮಾತ್ರ.

ಹೋದ ತಿಂಗಳ ಹಾಲಿನ ಸಂಘದ ಓಟ ಹಳೆಯ ಮೊಳೆಗೇ ತಿರುಗಿತ್ತು.

ಮೇಜಿನ ಮೇಲೆ ಅರಣ್ಯ ಇಲಾಖೆಯ ಕಾಗದ: ಹಾಲಿನ ಸಂಘದ ಓಟದ ದಾರಿ ಪೂರ್ತಿ ಹತ್ತು ಕಿಲೋಮೀಟರೇ ಎಂದು ನಾಳೆಯೊಳಗೆ ಬರೆದುಕೊಡಿ. ಆ ಓಟದಲ್ಲಿ ಇಲಾಖೆ ಕೇಳುವ ಸಮಯಕ್ಕಿಂತ ಹನ್ನೊಂದು ಸೆಕೆಂಡು ಮೊದಲೇ ಮುಗಿಸಿ ಕಾಡಿನ ಕಾವಲಿನ ಕೆಲಸಕ್ಕೆ ಆಯ್ಕೆಯಾದವಳು ಬೇಲಿಯಾಚೆ ಮನೆಯ ಹುಡುಗಿ. ಹೋದ ವರ್ಷ ಇವಳ ಅಮ್ಮ ಅಂಗಳದಲ್ಲಿ ಕುಸಿದಾಗ ಡಾಕ್ಟರ ಮನೆಗೆ ಓಡಿ, ಅವರನ್ನು ಕರೆತಂದವಳು. ಅಮ್ಮ ಇವತ್ತು ಬೆಳಿಗ್ಗೆಯೂ ಕಾಫಿಗೆ ಸಕ್ಕರೆ ಸಾಲದೆಂದು ಜಗಳವಾಡಿದ್ದಳು.

ಸಂಘದ ದಾರಿಗಳನ್ನು ಅಳೆಯುವ ಅವಳ ತಮ್ಮ ಒಳಗೆ ಬಂದ. "ಏನಕ್ಕಾ, ಇಂಗು ತಿಂದ ಮಂಗನ ಥರ ಕೂತಿದ್ದೀಯ?"

ಅವಳು ಎರಡೂ ಪುಟ ತಿರುಗಿಸಿ ತೋರಿಸಿದಳು. ಅವನ ನಗು ಇಳಿಯಿತು. ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದ.

"ಸುಮ್ನೆ ಬರೆದುಕೊಟ್ಬಿಡು. ಯಾರು ಬಂದು ಅಳೀತಾರೆ?"

"ಹೊಸ ಪುಸ್ತಕದಲ್ಲಿ ಎರಡೂ ಪುಟ ಸೇರಿಸಿದ ದಿನ ಗೊತ್ತಾಗುತ್ತೆ ಕಣೋ. ಆಗ ಆ ಹುಡುಗಿ ಕೆಲಸದಲ್ಲಿರ್ತಾಳೆ. ಸುಳ್ಳು ಹೇಳಿ ಸೇರಿದಳು ಅಂತ ಅವಳನ್ನೇ ಹೊರಗೆ ಹಾಕ್ತಾರೆ."

"ಸೇರಿಸ್ಲೇಬೇಡ."

ಹೊರಗೆ ಸ್ಕೂಟರ್ ನಿಂತ ಸದ್ದಾದರೆ ಅವಳು ಪುಸ್ತಕ ಮುಚ್ಚಿಡುತ್ತಿದ್ದಳು.

ಸಂಜೆ ಇಬ್ಬರೂ ಉಕ್ಕಿನ ಟೇಪು ಹಿಡಿದು ಏರಿಗೆ ಹೋದರು. ಕಾಳಿನ ರಾಶಿ ಬಳಸಿಕೊಂಡು ಹಳೆಯ ಮೊಳೆ ಹುಡುಕಿದರು. ಎರಡು ಮೊಳೆಯ ನಡುವೆ ಕಮ್ಮಿ ಬರಲಿ, ಹತ್ತೋ ಹದಿನೈದೋ ಮೀಟರ್ ಇರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಟೇಪಿನ ತುದಿ ಹೊಸ ಮೊಳೆ ಮುಟ್ಟಿತು.

"ಮೂವತ್ತೊಂದು," ಎಂದ ತಮ್ಮ. ಹೋಗುವಾಗ ಮೂವತ್ತೊಂದು, ಬರುವಾಗ ಮೂವತ್ತೊಂದು, ಒಟ್ಟು ಅರವತ್ತೆರಡು ಮೀಟರ್ ಕಮ್ಮಿ. ಆ ಹುಡುಗಿಯ ವೇಗಕ್ಕೆ ಹದಿನೈದು ಸೆಕೆಂಡು; ಅವಳಿಗೆ ಮಿಕ್ಕಿದ್ದದ್ದು ಹನ್ನೊಂದೇ.

ಅಷ್ಟರಲ್ಲಿ ಏರಿಯ ಮೇಲೆ ಹೆಜ್ಜೆಯ ಸದ್ದು. ದಿನದಂತೆ ಅಭ್ಯಾಸಕ್ಕೆ ಹೊರಟವಳು ಅವಳೇ. ಓಡಿ ಹೋಗೋಣವೆಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಕಡಿದಾದ ಇಳಿಜಾರು.

"ಏನಕ್ಕಾ, ಮತ್ತೆ ಅಳೀತಿದ್ದೀರಾ? ರಸ್ತೆ ಏನಾದ್ರೂ ಬೆಳೀತಾ?" ಎಂದು ನಗುತ್ತಾ ನಿಂತಳು.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆನೆಂಬ ಹೆದರಿಕೆಗೇ ಅಕ್ಕನ ಬಾಯಿ ತೆರೆಯಿತು. ಎರಡು ಪುಟದ ಮಾತು, ಮೊಳೆಯ ಮಾತು, ತನ್ನ ಕೈಬರಹದ ಮಾತು, ಯಾವುದನ್ನೂ ಮುಚ್ಚಿಡಲಿಲ್ಲ.

ಹುಡುಗಿ ಬಗ್ಗಿ ಹಳೆಯ ಮೊಳೆಯನ್ನು ಬೆರಳಿನಿಂದ ಮುಟ್ಟಿದಳು. "ನಾಲ್ಕು ಸೆಕೆಂಡಿಗೆ ಹೋಯ್ತು ಅನ್ನಿ."

"ತಪ್ಪು ನಂದೇ ಅಂತ ಬರೀತೀನಿ. ಇನ್ನೊಂದು ಸಲ ಓಡಿಸಿ ಅಂತ ಕೇಳ್ತೀನಿ."

"ಕೇಳಿ." ಮೊಳೆಯಿಂದ ಕೈ ತೆಗೆದು ಅಂದಳು, "ನಿಮ್ಮಮ್ಮನಿಗೋಸ್ಕರ ಓಡಿದೆನಲ್ಲ, ಅದನ್ನ ಮಾತ್ರ ಅಳೀಬೇಡಿ ಅಕ್ಕಾ."

ಅವಳು ಹೊಸ ಮೊಳೆಯ ತನಕ ಓಡಿದಳು. ಅಲ್ಲಿ ತಿರುಗಿ, ಇವರ ಪಕ್ಕದಿಂದಲೇ, ಇವರತ್ತ ನೋಡದೆ ಹಾದುಹೋದಳು.

ಕತ್ತಲಾಗುವ ಮೊದಲೇ ಮೂವತ್ತನೆಯ ಪುಟಕ್ಕೆ ಅಡ್ಡಗೆರೆ ಬಿತ್ತು. ಇಪ್ಪತ್ತೊಂದರ ಕೆಳಗೆ ಎರಡನೆಯ ಓಟದ ಹೆಸರು ಸೇರಿತು. ಇಲಾಖೆಯ ಕಾಗದಕ್ಕೆ ಏರಿಯ ಮೇಲೆ ಹೇಳಿದಂತೆಯೇ ಉತ್ತರ ಬರೆದು ಸಹಿ ಹಾಕಿದಳು. ಮನೆಗೆ ಹೋಗುವಾಗ ಬೇಲಿಯ ಕಡೆಯ ದಾರಿ ಬಿಟ್ಟು, ಸುತ್ತು ಹಾಕಿಕೊಂಡು ಹೋದಳು.