ಇಸ್ತ್ರಿ ಅಕ್ಕನ ನಡಿಗೆ

ಬಡಗಿ ಶವಪೆಟ್ಟಿಗೆಯ ಹಿಡಿಗಳನ್ನು ಬಿಚ್ಚುತ್ತಿದ್ದ. ಬೆಳಿಗ್ಗೆ ತಾನೇ ಕೂತು ಬಿಗಿದಿದ್ದ ಹಿಡಿಗಳು. ಅವಿದ್ದರೆ ಪೆಟ್ಟಿಗೆ ದೋಣಿಯೊಳಗೆ ಕೂರುತ್ತಿರಲಿಲ್ಲ.

"ಹಿಡಿ ಕಿತ್ರೆ ಜನ ಎಲ್ಲಿ ಹಿಡ್ಕೊಳ್ಳೋದು, ನಿನ್ನ ತಲೇನಾ?" ಸತ್ತವಳ ತಮ್ಮ ಮೆಟ್ಟಿಲ ಮೇಲಿಂದ ಗದರಿದ. ಬಸ್ ಡ್ರೈವರು, ಹಾರ್ನ್ ಇಲ್ಲದೆಯೂ ಹಾರ್ನ್ ಹೊಡೆಯುವ ಗಂಟಲು.

"ಯಾರೂ ಹಿಡ್ಕೊಳ್ಳೋದು ಬೇಡ ಮಾವ," ಎಂದಳು ಮಗಳು. "ಅಮ್ಮನ್ನ ನಾನೇ ಎಳ್ಕೊಂಡು ಹೋಗ್ತೀನಿ."

ಸಂಗತಿ ಇಷ್ಟೇ. ಅಪ್ಪನನ್ನು ಹೂಳಿದ್ದು ಕೊಲ್ಲಿಯಾಚೆಯ ಮರಳು ದಿಬ್ಬದ ಮೇಲೆ. ಪಕ್ಕದ ಜಾಗಕ್ಕೆ ಅಮ್ಮ ತಾನೇ ಒಂದು ಕಲ್ಲು ನೆಟ್ಟು ಬಂದಿದ್ದಳು. ಅಲ್ಲಿಗೆ ಹೋಗುವ ಸೇತುವೆ ಬಿರುಕು ಬಿಟ್ಟು ಮೊನ್ನೆಯಿಂದ ಮುಚ್ಚಿತ್ತು. ಇಳಿತದಲ್ಲಿ ಕೊಲ್ಲಿಯ ನೀರು ಮೊಣಕಾಲುದ್ದ. ಯಂತ್ರದ ದೋಣಿಗಳು ಮರಳಿಗೆ ಸಿಕ್ಕಿ ಕೂರುತ್ತವೆ. ಮಾವ ಮಾರ್ಕೆಟ್ಟಿನ ಹಿಂದಿನ ಸ್ಮಶಾನದಲ್ಲಿ ಜಾಗ ಗೊತ್ತುಮಾಡಿ, ವ್ಯಾನಿನವನಿಗೂ ಹೇಳಿಬಂದಿದ್ದ.

"ಸತ್ತೋರಿಗೆ ಎಲ್ಲಾದ್ರೇನೇ?"

"ಅಮ್ಮನಿಗೆ ಎಲ್ಲಾದ್ರೂ ಆಗಲ್ಲ. ಅಪ್ಪನ ಪಕ್ಕದಲ್ಲೇ ಮಲಗಿಸ್ತೀನಿ ಅಂತ ಕೈ ಹಿಡಿದು ಮಾತು ಕೊಟ್ಟಿದ್ದೀನಿ."

"ಆ ನೀರಲ್ಲಿ ತೊರಕೆ ಮೀನು ತುಂಬ್ಕೊಂಡಿದೆ. ನಿಮ್ಮಪ್ಪನ ಕಾಲು ಏನಾಯ್ತು, ಮರೆತ್ಯಾ? ಯಾವ ಗಂಡು ಇಳೀತಾನೆ ಅಲ್ಲಿ?"

"ಬರೋರು ಬರ್ಲಿ. ಉಬ್ಬರ ಏರೋದ್ರೊಳಗೆ ನಾನಂತೂ ದಾಟ್ತೀನಿ. ರಾತ್ರಿ ಇಳಿತಕ್ಕೆ ವಾಪಸ್ಸು. ದೀಪ ಇಟ್ಕೊಂಡಿದ್ದೀನಿ."

ಮಾವ ತಲೆ ಕೊಡವಿದ. ಹಟದಲ್ಲಿ ಹುಡುಗಿ ಥೇಟ್ ಅಕ್ಕನೇ.

* * *

ಅಪ್ಪ ನಂಗು ಮೀನಿನ ಬೇಟೆಗಾರ. ನಂಗು ಅಂದರೆ ಮರಳಿನಲ್ಲಿ ಮೈ ಹೂತುಕೊಂಡು, ಎರಡೂ ಕಣ್ಣು ಮೇಲಕ್ಕಿಟ್ಟು ಮಲಗುವ ಚಪ್ಪಟೆ ಮೀನು. ರಾತ್ರಿ ಗಾಳಿ ನಿಂತಾಗ ದೀಪ ಹಿಡಿದು ಕೊಲ್ಲಿಗಿಳಿದರೆ, ಅದರ ಅಂಚು ತೆಳ್ಳಗೆ ಗೆರೆ ಎಳೆದ ಹಾಗೆ ಕಾಣುತ್ತದೆ. ತಲೆಯ ಹಿಂದೆ ಈಟಿ ಊರಿ, ಅಡಿಗೆ ಕೈ ಕೊಟ್ಟು ಎತ್ತಬೇಕು. ಅದೇ ಮರಳಿನಲ್ಲಿ ತೊರಕೆಯೂ ಮಲಗಿರುತ್ತದೆ, ಬಾಲದಲ್ಲಿ ವಿಷದ ಮುಳ್ಳು ಇಟ್ಟುಕೊಂಡು. ಹಾಗಾಗಿ ಕೊಲ್ಲಿಯಲ್ಲಿ ಯಾರೂ ಕಾಲೆತ್ತಿ ನಡೆಯಬಾರದು. ಪಾದ ಉಜ್ಜುತ್ತ ಹೋಗಬೇಕು. ಬದಿಯಿಂದ ಕಾಲು ತಗುಲಿದರೆ ತೊರಕೆ ತಾನಾಗಿ ಜಾಗ ಬಿಡುತ್ತದೆ. ಮೇಲೆ ತುಳಿದರೆ ಮುಗಿಯಿತು.

ಅಪ್ಪ ಒಂದು ರಾತ್ರಿ ದೊಡ್ಡದೊಂದು ನಂಗು ಕಂಡ ಆತುರದಲ್ಲಿ ಕಾಲೆತ್ತಿದ. ಒಂದೇ ಹೆಜ್ಜೆ. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಒಲೆ ಆರುವ ಮೊದಲು ಅಮ್ಮ ಈಟಿ ಎತ್ತಿಕೊಂಡಳು. ಹೆಂಗಸು ರಾತ್ರಿ ಹೊತ್ತು ನೀರಿಗಿಳಿಯೋದಾ ಎಂದು ಬೀದಿ ಮೂಗು ಮುರಿಯಿತು. "ಹಸಿವು ಗಂಡಸು ಹೆಂಗಸು ಅಂತ ನೋಡ್ಕೊಂಡು ಬರುತ್ತಾ?" ಎಂದು ಕೇಳಿ ಸೀರೆ ಎತ್ತಿ ಕಟ್ಟಿದಳು. ಅಪ್ಪನಾದರೂ ಮನೆಯಲ್ಲಿ ಕೂರುವ ಜನವೇ? ತಳ ಚಪ್ಪಟೆಯಾದ ಪುಟ್ಟ ದೋಣಿಯಲ್ಲಿ ದೀಪ ಹಿಡಿದು ಕೂತ. ದೋಣಿಯ ಹಗ್ಗವನ್ನು ಅಮ್ಮ ಸೊಂಟಕ್ಕೆ ಸುತ್ತಿಕೊಂಡಳು.

ಕಷ್ಟವೇನೆಂದರೆ ಅಪ್ಪನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಯಾವ ರಾಜನಿಗಿದೆ ಹೇಳು ಈ ಭಾಗ್ಯ? ಹೆಂಡತಿ ಎಳೆಯೋ ರಥ!"

ಅಮ್ಮ ನಗುತ್ತಿದ್ದಳು. ನಕ್ಕರೆ ನೀರು ಅಲ್ಲಾಡುತ್ತಿತ್ತು. ನೀರು ಅಲ್ಲಾಡಿದರೆ ಮೀನಿನ ಗೆರೆ ಮಾಯ.

"ಬಾಯ್ಮುಚ್ಕೊಂಡು ದೀಪ ಹಿಡೀರಿ ಅಂದ್ರೆ ನಿಮಗೆ ಅರ್ಥ ಆಗಲ್ವಾ? ಹೋಯ್ತು ನೋಡಿ, ಅಷ್ಟಗಲ ಇತ್ತು!"

ಹಾಗೆ ನಗುವಿನಲ್ಲಿ ಕಳೆದುಕೊಂಡ ಮೀನುಗಳಿಗೆ ಲೆಕ್ಕವಿಲ್ಲ. ಆದರೂ ಆ ಮನೆಯಲ್ಲಿ ಯಾರೂ ಒಂದು ಹೊತ್ತೂ ಉಪವಾಸ ಮಲಗಲಿಲ್ಲ. ಅಪ್ಪ ಹೋದ ಮೇಲೂ ಅಮ್ಮ ದೋಣಿಗೆ ಕೋಲು ನೆಟ್ಟು ದೀಪ ಕಟ್ಟಿ ಹೋಗುತ್ತಿದ್ದಳು. ಆಮೇಲೆ ಮೀನು ಜಾಸ್ತಿ ಸಿಗುತ್ತಿತ್ತು. ಅದನ್ನು ಹೇಳುವಾಗ ಮಾತ್ರ ಅವಳ ಮುಖ ಸಣ್ಣದಾಗುತ್ತಿತ್ತು.

ನೀರಿನ ನಡಿಗೆ ನೆಲದ ಮೇಲೂ ಬಿಡಲಿಲ್ಲ. ತಮ್ಮನ ಮದುವೆಯಲ್ಲಿ ಅವಳು ಪಾದ ಉಜ್ಜುತ್ತ ಬರುವುದನ್ನು ಕಂಡು ಮದುಮಗನೇ ಕೂಗಿದ್ದ: "ನೋಡ್ರಪ್ಪ, ನಮ್ಮಕ್ಕ ನೆಲಕ್ಕೆ ಇಸ್ತ್ರಿ ಹಾಕ್ತಾ ಬಂದ್ಲು!" ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಹೆಸರು ಅಂಟಿಕೊಂಡಿತು, ಇಸ್ತ್ರಿ ಅಕ್ಕ. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. "ಇಸ್ತ್ರಿ ಹಾಕಿದ ದಾರೀಲಿ ಯಾರೂ ಎಡವಲ್ಲ ಬಿಡೋ," ಎಂದು ತಮ್ಮನ ಕೆನ್ನೆ ಹಿಂಡಿದ್ದಳು. ಅಲ್ಲಿಂದ ಯಾವ ಮನೆಯಲ್ಲಿ ನಾಲ್ಕು ಜನ ಸೇರಿದರೂ ತಮ್ಮನ ಅಣಕ ಇರಲೇಬೇಕು. ಭುಜ ಮುಂದಕ್ಕೆ, ಕತ್ತು ಕೆಳಕ್ಕೆ, ಪಾದ ಸರ್‌ಸರ್. ಅವನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ.

ಸಂಕೋಚವಾಗುತ್ತಿದ್ದದ್ದು ಮಗಳಿಗೆ. ಅವಳದು ಚಪ್ಪಲಿ ಅಂಗಡಿ. ಅಮ್ಮನ ಚಪ್ಪಲಿಯ ತಳ ಬೆಣ್ಣೆಯ ಹಾಗೆ ಸವೆಯುತ್ತಿತ್ತು. "ನಿಮ್ಮಮ್ಮ ಒಬ್ರೇ ಸಾಕು, ನಿನ್ನ ಅಂಗಡಿ ನಡೆಯುತ್ತೆ," ಎಂದು ಗಿರಾಕಿಗಳು ಚುಡಾಯಿಸುತ್ತಿದ್ದರು.

* * *

ಮುಚ್ಚಳ ಹಾಕುವ ಮುಂಚೆ ಮಗಳು ಪೆಟ್ಟಿಗೆಯಲ್ಲಿ ಹೊಸ ಚಪ್ಪಲಿ ಇಟ್ಟಳು.

"ಎರಡು ಜೊತೆ ಯಾಕಮ್ಮ?" ಎಂದಳು ಪಕ್ಕದ ಮನೆಯ ಟೈಲರಮ್ಮ.

"ಒಂದು ಎಲ್ಲಿ ಸಾಲುತ್ತೆ, ಅವಳಿಗೆ!" ಎಂದ ಮಗಳು ಆವತ್ತು ಮೊದಲ ಸಲ ಅತ್ತಳು.

ದಂಡೆಗೆ ಜನ ಬಂದರು. ಪ್ಯಾಂಟು ಮಡಿಚಿದರು, ಸೀರೆ ಎತ್ತಿ ಸಿಕ್ಕಿಸಿದರು, ನೀರಿನ ಅಂಚಿನಲ್ಲಿ ಸಾಲಾಗಿ ನಿಂತರು. ಒಬ್ಬರೂ ಇಳಿಯಲಿಲ್ಲ. ಮಗಳು ಪೆಟ್ಟಿಗೆ ಇಟ್ಟಿದ್ದ ಅಮ್ಮನ ದೋಣಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನೀರಿನಲ್ಲಿ ನಿಂತು ತಿರುಗಿದಳು.

"ಕಾಲು ಎತ್ತಬೇಡಿ, ಉಜ್ಜುತ್ತಾ ಬನ್ನಿ. ಅಷ್ಟೇ. ಅಮ್ಮ ನಡೀತಿದ್ದ ಹಾಗೆ."

ಬಡಗಿ ಪ್ಯಾಂಟನ್ನು ಇನ್ನೊಂದು ಸುತ್ತು ಮಡಿಚಿದ.

"ಅದು ಯಾರಿಗಮ್ಮ ಬರಲ್ಲ? ಇಷ್ಟು ವರ್ಷ ಎಲ್ಲರೂ ಅಣಕಿಸಿದ್ದೀವಲ್ಲ!"

ಹೌದಲ್ಲ! ಬೀದಿಗೆ ಬೀದಿಯೇ ಕಲಿತು ಬಿಟ್ಟಿತ್ತು. ಬಡಗಿ ಇಳಿದ, ಟೈಲರಮ್ಮ ಇಳಿದಳು, "ಅಯ್ಯೋ, ಬಂದದ್ದು ಬರಲಿ" ಎನ್ನುತ್ತ ಉಳಿದವರೂ ಇಳಿದರು. ದೋಣಿ ಅಲುಗಿತು. ಪೆಟ್ಟಿಗೆಯ ಭಾರಕ್ಕೆ ಹಗ್ಗ ಸೊಂಟ ಕೊಯ್ಯತೊಡಗಿತು. ಅಮ್ಮ ಅಪ್ಪನನ್ನು ಹೇಗೆ ಎಳೆದಳೋ ಎಂದು ಮಗಳು ಹಲ್ಲು ಕಚ್ಚಿದಳು.

ಇದ್ದಕ್ಕಿದ್ದ ಹಾಗೆ ಹಗ್ಗ ಹಗುರಾಯಿತು. ಪಕ್ಕದಲ್ಲಿ ಯಾರೋ ಹಗ್ಗಕ್ಕೆ ಹೆಗಲು ಕೊಟ್ಟಿದ್ದರು. ಭುಜ ಮುಂದಕ್ಕೆ, ಕತ್ತು ಕೆಳಕ್ಕೆ, ಪಾದ ಸರ್‌ಸರ್. ಮಗಳು ಥಟ್ಟನೆ ತಿರುಗಿದಳು. ಅಮ್ಮ!

ಮಾವ. ಪ್ಯಾಂಟನ್ನೂ ಮಡಿಚದೆ ಇಳಿದಿದ್ದ.

"ಏನ್ ನೋಡ್ತೀಯೇ, ಎಳಿ," ಎಂದ. ಗಂಟಲಿನಲ್ಲಿ ಹಾರ್ನ್ ಇರಲಿಲ್ಲ.

ಕೊಲ್ಲಿಯ ನಡುವೆ ಅವನ ಪಾದದ ಮುಂದೆಯೇ ಮರಳು ಎದ್ದಿತು. ತಟ್ಟೆಯಷ್ಟಗಲದ ತೊರಕೆಯೊಂದು ಅಂಚು ಬಡಿಯುತ್ತ ಮೇಲೆದ್ದಿತು. ಟೈಲರಮ್ಮ ಚೀರಿದಳು. ಮಾವನ ಕಾಲು ಮಾತ್ರ ಮರಳು ಬಿಡಲಿಲ್ಲ. "ಅಕ್ಕಾ... ಅಕ್ಕಾ..." ಎನ್ನುತ್ತ ಉಜ್ಜಿದ. ತೊರಕೆ ಒಂದು ಸುತ್ತು ತಿರುಗಿ, ದಾರಿ ಬಿಟ್ಟು ಹೋಯಿತು.

"ನೋಡಿದ್ರಾ!" ಎಂದು ಮಾವ ಗೆದ್ದವನ ಹಾಗೆ ಕೂಗಿದ. "ನಮ್ಮಕ್ಕ ಇಸ್ತ್ರಿ ಹಾಕಿದ ದಾರಿ ಕಣ್ರೋ ಇದು!"

ಯಾರೋ ಕಿಸಕ್ಕೆಂದರು, ತಕ್ಷಣ ಬಾಯಿ ಮುಚ್ಚಿಕೊಂಡರು. ಸಾವಿನ ಮೆರವಣಿಗೆಯಲ್ಲವೇ?

"ನಗಿ, ನಗಿ," ಎಂದಳು ಮಗಳು ಕಣ್ಣೊರೆಸಿಕೊಂಡು. "ಇವತ್ತು ಮೀನು ಹಿಡಿಯೋಕೆ ಬಂದಿಲ್ಲ."

ನಕ್ಕರು. ಕೊಲ್ಲಿಯ ನೀರೆಲ್ಲ ಅಲ್ಲಾಡಿತು. ಪೆಟ್ಟಿಗೆ ಹೊತ್ತ ಪುಟ್ಟ ದೋಣಿಯೂ ಜೊತೆಯಲ್ಲಿ ತೂಗಾಡಿತು.

ಆಚೆ ದಂಡೆಯಲ್ಲಿ ಬಡಗಿ ಮತ್ತು ಮೂವರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮುಂದೆ ಮಾವ, ಹಿಂದೆ ಮಗಳು, ಅವರ ಹಿಂದೆ ಬೀದಿ. ಮಗಳ ಫೋನು ಬಂದದ್ದೇ ಗುಂಡಿ ತೋಡಿ ಕಾಯುತ್ತಿದ್ದ ದಿಬ್ಬದ ಕಾವಲುಗಾರ ಇವರನ್ನು ನೋಡಿ ಗುದ್ದಲಿ ಕೆಳಗಿಟ್ಟ.

"ಇದೇನ್ರೀ, ಎಲ್ಲರ ಕಾಲಿಗೂ ಏನಾಯ್ತು?"

ಮಾವ ತನ್ನ ಕಾಲು ನೋಡಿಕೊಂಡ. ಒಣ ನೆಲಕ್ಕೆ ಬಂದು ಎಷ್ಟೋ ಹೊತ್ತಾಗಿತ್ತು. ಹಿಂದಿನವರೂ ತಂತಮ್ಮ ಕಾಲು ನೋಡಿಕೊಂಡರು. ಆದರೆ ಒಬ್ಬರೂ ಕಾಲೆತ್ತಲಿಲ್ಲ. ನೀರಿನ ಅಂಚಿನಿಂದ ಅಮ್ಮ ನೆಟ್ಟ ಕಲ್ಲಿನವರೆಗೆ ಮರಳಿನ ಮೇಲೆ ಒಂದೇ ಒಂದು ಹೆಜ್ಜೆಗುರುತೂ ಮೂಡಲಿಲ್ಲ, ಉದ್ದಕ್ಕೂ ಬರೀ ಗೆರೆಗಳು.