ಸದ್ದು ಮಾಡಿದವರು ಔಟು

ಹೆಡ್ ಮೇಡಂ ಕೋಣೆಗೂ ಎರಡನೇ ಕ್ಲಾಸಿಗೂ ನಡುವೆ ಒಂದೇ ಗೋಡೆ. ಹೊಸ ಮಿಸ್‌ಗೆ ಮಕ್ಕಳಿಗಿಂತ ಆ ಗೋಡೆಯ ಭಯವೇ ಹೆಚ್ಚು. ಗಲಾಟೆ ಏರಿದರೆ ಆಚೆಯಿಂದ ಟಕಟಕ ಕುಟ್ಟುವ ಸದ್ದು ಬರುತ್ತಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಗಲಾಟೆಯ ಬೇರು ಗಿರಗಿಟ್ಲೆ. ಆ ಹುಡುಗಿಗೆ ಅಡ್ಡಹೆಸರನ್ನು ಯಾರೂ ಸುಮ್ಮನೆ ಇಟ್ಟಿರಲಿಲ್ಲ. ಒಂದು ಗಳಿಗೆ ಬೆಂಚಿನ ಮೇಲೆ, ಒಂದು ಗಳಿಗೆ ಬೆಂಚಿನ ಕೆಳಗೆ. ಬುದ್ಧಿ ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವಳ ಪಕ್ಕದಲ್ಲೇ ಕೂರುತ್ತಿದ್ದ ಹುಡುಗನನ್ನು, ಗಲಾಟೆ ಮಾಡುವುದಿಲ್ಲವೆಂದು, ಮಿಸ್ ಜಾಣಮರಿ ಎನ್ನುತ್ತಿದ್ದಳು. ಬಾಯಲ್ಲಿ ಪೆನ್ನಿನ ಕ್ಯಾಪು ಇದ್ದರೆ ಸಾಕು, ಅಗಿಯುತ್ತ ಕೂತಲ್ಲಿಂದ ಅಲ್ಲಾಡುತ್ತಿರಲಿಲ್ಲ. ಕಿತ್ತುಕೊಂಡರೆ ರಂಪ. ಬಾಯಿ ಮುಚ್ಚಿದ್ದರೆ ಸಾಲದೇ ಎಂದು ಮಿಸ್ ಬಿಟ್ಟುಬಿಟ್ಟಿದ್ದಳು.

ಒಬ್ಬೊಬ್ಬರಿಗೆ ಒಂದೊಂದು ಮದ್ದು ಅರೆಯುತ್ತ ಕೂತರೆ ಪಾಠ ಯಾವಾಗ ಮಾಡುವುದು? ಎಲ್ಲರಿಗೂ ಒಂದೇ ಮದ್ದು ಕಂಡುಹಿಡಿದಿದ್ದಳು: ಮೌನದ ಆಟ. ಸದ್ದು ಮಾಡಿದವರು ಔಟು, ಕೊನೆಯವರೆಗೆ ಸುಮ್ಮನಿದ್ದವರಿಗೆ ನಕ್ಷತ್ರದ ಸ್ಟಿಕರ್. ದಿನಾ ಗೆಲ್ಲುತ್ತಿದ್ದವನು ಜಾಣಮರಿ. ಓದಿನಲ್ಲಿ ಹಿಂದೆ, ಓಟದಲ್ಲಿ ಇನ್ನೂ ಹಿಂದೆ. ಪಾಪ, ಅವನಿಗೆ ಗೆಲ್ಲಲು ಇದ್ದದ್ದು ಇದೊಂದೇ.

ಆ ಬೆಳಿಗ್ಗೆ ಗೋಡೆ ಆಗಲೇ ಒಮ್ಮೆ ಟಕಟಕ ಎಂದಿತ್ತು.

"ಆಟ ಶುರು. ಯಾರೂ ತುಟಿ ಪಿಟಕ್ ಅನ್ನಬಾರ್ದು," ಎಂದಳು ಮಿಸ್.

ಕ್ಲಾಸು ತಣ್ಣಗಾಯಿತು. ಅಬ್ಬಾ ಎಂದುಕೊಂಡು ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯತೊಡಗಿದಳು.

"ಮಿಸ್!" ಗಿರಗಿಟ್ಲೆಯ ದನಿ.

"ನೀನು ಔಟ್. ಕೂತ್ಕೋ."

"ಮಿಸ್, ಇವ್ನು..."

"ಚಾಡಿ ಹೇಳ್ಬೇಡ ಅಂದಿದೀನಿ. ಅವನ್ನ ನೋಡಿ ಕಲಿ, ಎಷ್ಟು ಚೆನ್ನಾಗಿ ಕೂತಿದಾನೆ!" ಮಿಸ್ ತಿರುಗದೆಯೇ ಹೇಳಿದಳು.

ಗಿರಗಿಟ್ಲೆ ಎರಡೂ ಕೈಯಲ್ಲಿ ಬೆಂಚು ಬಡಿಯುತ್ತ ಕಿರುಚತೊಡಗಿದಳು. ಗೋಡೆಯಾಚೆ ಮತ್ತೆ ಟಕಟಕ. ಮಿಸ್‌ಗೆ ಪಿತ್ತ ನೆತ್ತಿಗೇರಿತು. ಇವತ್ತು ಇವಳಿಗೊಂದು ಗತಿ ಕಾಣಿಸುತ್ತೇನೆ ಎಂದು ತಿರುಗಿದವಳು ಹಾಗೇ ನಿಂತುಬಿಟ್ಟಳು.

ಜಾಣಮರಿ ಎರಡೂ ಕೈಯಿಂದ ಕತ್ತು ಹಿಡಿದುಕೊಂಡು ನೆಟ್ಟಗೆ ಕೂತಿದ್ದ. ಬಾಯಿ ತೆರೆದಿತ್ತು, ಉಸಿರಿನ ಸದ್ದೂ ಇರಲಿಲ್ಲ. ತುಟಿ ನೀಲಿಗಟ್ಟಿತ್ತು. ಕಣ್ಣು ಅವಳನ್ನೇ ನೋಡುತ್ತಿತ್ತು. ಮುಂದಿದ್ದ ಪೆನ್ನಿಗೆ ಕ್ಯಾಪಿರಲಿಲ್ಲ.

ಅಂಥ ಹೆದರಿಕೆ ಅವಳಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಬೆಂಚುಗಳನ್ನು ಹೇಗೆ ದಾಟಿದಳೋ, ಅವನನ್ನು ತೋಳಿನ ಮೇಲೆ ಬಗ್ಗಿಸಿ ಬೆನ್ನಿಗೆ ಹೊಡೆದಳು. ಏನೂ ಬರಲಿಲ್ಲ. ಮತ್ತೆ ಹೊಡೆದಳು. ಹುಡುಗ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದ. ಇವನ ಅಮ್ಮನಿಗೆ ಏನು ಹೇಳಲಿ, ದೇವರೇ, ಏನಂತ ಹೇಳಲಿ?

"ಜೋರಾಗಿ ಹೊಡೀರಿ ಮಿಸ್!" ಗಿರಗಿಟ್ಲೆ ಅಳುತ್ತ ಕೂಗಿದಳು.

ಮಿಸ್ ಇದ್ದಬದ್ದ ಬಲವನ್ನೆಲ್ಲ ಅಂಗೈಗೆ ತಂದು ಹೊಡೆದಳು. ಕ್ಯಾಪು ನೆಲಕ್ಕೆ ಬಿದ್ದು ಉರುಳಿತು.

ಆಮೇಲೆ ಕೆಮ್ಮು, ವಾಂತಿ, ಅಳು. "ಏನ್ರೀ, ಇದು ಕ್ಲಾಸೋ ಸಂತೆಯೋ?" ಎನ್ನುತ್ತ ಬಂದ ಹೆಡ್ ಮೇಡಂ ಹುಡುಗನ ಮುಖ ನೋಡಿ, ಡಾಕ್ಟರಿಗೆ ಫೋನ್ ಮಾಡಲು ಓಡಿದರು.

ಮಿಸ್ ನೆಲದಲ್ಲೇ ಕೂತು ಅವನನ್ನು ಅವಚಿಕೊಂಡಿದ್ದಳು.

"ಮೊದ್ಲೇ ಕೆಮ್ಮು ಬಂತು ಮಿಸ್. ತಡ್ಕೊಂಡೆ," ಹುಡುಗ ಬಿಕ್ಕಿದ. "ಈಗ ಕೆಮ್ಮಿಬಿಟ್ನಲ್ಲ, ನಾನು ಔಟಾ?"

ಮಿಸ್ ಅವನ ಬಾಯಿ ಒರೆಸಿದಳು.

"ಇಲ್ವೋ, ಔಟಾಗಿದ್ದು ನಾನು," ಎಂದಳು ಗಿರಗಿಟ್ಲೆ, ಅವನ ಪಕ್ಕ ಕೂತು.