ಸಂಘದ ಗಂಟಲು

ಶಹಾಪುರದ ಗೋಗಿ ನಾಕಾದಲ್ಲಿ ಒಂದು ಕಲ್ಲಿನ ಮೇಲೆ ನಿಂತು ಹನ್ನೊಂದು ವರ್ಷದಿಂದ ನಾನು ಒಂದೇ ಕೆಲಸ ಮಾಡುತ್ತಿದ್ದೇನೆ, ಕೂಗುವುದು. ಸಗರನಾಡು ಟಂಟಂ ಚಾಲಕರ ಸಂಘದ ನಲವತ್ತು ಮೂರುಗಾಲಿ ಗಾಡಿಗಳಿಗೆ ಜನ ತುಂಬಿಸುವವನು ನಾನೇ, ಮರಿಲಿಂಗ. ಗಾಡಿಗೆ ಬೋರ್ಡ್ ಇದೆ, ಓದುವವರು ಯಾರು? ನಮ್ಮ ಜನ ಕಿವಿಯಿಂದಲೇ ಗಾಡಿ ಹತ್ತುತ್ತಾರೆ. ನಾನು "ಗೋಗಿ, ಗೋಗಿ, ಗೋಗಿ!" ಎಂದರೆ ಚಹಾ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಾರೆ.

ಹೋದ ತಿಂಗಳು ಯಾದಗಿರಿಯ ಡಾಕ್ಟರು ನನ್ನ ಗಂಟಲೊಳಗೆ ಪೈಪು ಇಳಿಸಿ ನೋಡಿ, ಗಂಟು ಆಗಿದೆ ಎಂದರು. ಆರು ತಿಂಗಳು ಕೂಗಬಾರದು, ಕೂಗಿದರೆ ಮಾತೇ ಹೋದೀತು ಎಂದು ಚೀಟಿ ಬರೆದುಕೊಟ್ಟರು. ಹೆಂಡತಿ ಅಯ್ಯಮ್ಮ ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗಿಟ್ಟಳು. ದೇವರಿಗೆ ಹೇಳಿದರೆ ಸಾಕೇ? ಸಂಘಕ್ಕೆ ಹೇಳಬೇಕಲ್ಲ.

ಹೇಳುವುದಕ್ಕೆ ಹೊತ್ತೂ ಕೂಡಿ ಬಂದಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಗಾಡಿಗಳು ಅರ್ಧ ಖಾಲಿ ಓಡುತ್ತಿದ್ದವು. ಸಂಘವನ್ನೇ ಬದಲಾಯಿಸುತ್ತೇನೆಂದು ಅಧ್ಯಕ್ಷ ಶಾಂತಪ್ಪ ಹಟ ಹಿಡಿದು, ಗುಂಡಿ ಒತ್ತಿದರೆ ಊರಿನ ಹೆಸರು ಕೂಗುವ ಪೆಟ್ಟಿಗೆಯೊಂದನ್ನು ತರಿಸಿದ್ದ. ಪೆಟ್ಟಿಗೆ ಕೂಗಲಿ, ನನಗೆ ಗಾಡಿಗಳ ಪಾಳಿ ಹಚ್ಚುವ ಕೆಲಸ ಕೊಡಿ ಎಂದು ಕೇಳುವವನಿದ್ದೆ. ಗೋಗಿಯ ಶಾಲೆ ಎಷ್ಟಕ್ಕೆ ಬಿಡುತ್ತದೆ, ಕೊಂಕಲ್ ಕೂಲಿಯವರು ಯಾವಾಗ ಬರುತ್ತಾರೆ, ಸುರಪುರದ ಕಚೇರಿಗೆ ಹೋದವರು ಯಾವಾಗ ತಿರುಗುತ್ತಾರೆ, ಎಲ್ಲ ನನ್ನ ತಲೆಯಲ್ಲಿದೆ. ಬಸ್ಸಿಲ್ಲದ ಹೊತ್ತಿಗೆ ಗಾಡಿ ಬಿಟ್ಟರೆ ಅದು ಯಾಕೆ ಖಾಲಿ ಓಡುತ್ತದೆ? ಇಷ್ಟು ಸುಲಭದ ಮಾತು ಯಾರ ತಲೆಗೂ ಹೋಗಿರಲಿಲ್ಲ.

ಸಂಘ ಬದಲಾಯಿಸುವುದು ಹೇಗೆಂದು ತರಬೇತಿ ಕೊಡಲು ಶಾಂತಪ್ಪ ಕರೆಸಿದ ಅಂಜನಾ ಮೇಡಂ ಯಾದಗಿರಿಯಿಂದ ಬಂದರು. ಆ ದಿನ ಅಯ್ಯಮ್ಮ ಚೀಟಿಯನ್ನು ನನ್ನ ಜೇಬಿಗೆ ತುರುಕಿ ಕಳಿಸಿದ್ದಳು.

"ಇವತ್ತ ಯಾರೂ ತಕರಾರು ಹೇಳಂಗಿಲ್ರಿ" ಎಂದರು ಮೇಡಂ. "ಕೊರತಿ ಅನ್ನೋ ಮಾತೇ ಬ್ಯಾಡ. ಒಬ್ಬೊಬ್ಬರೊಳಗ ಏನ್ ಶಕ್ತಿ ಅದ, ಅದನ್ನ ಹಿಡಕೊಂಡು ಸಂಘ ಬದ್ಲು ಮಾಡೂಣು."

ನಾನು ಕೈ ಎತ್ತಿದೆ. "ಮೇಡಂ, ನನ್ನ ಗಂಟಲಾಗ..."

"ಅದು ತಕರಾರು ಆತಲ್ರಿ ಅಣ್ಣಾ. ನಾಳಿ ಹೇಳ್ರಿ."

ಎಲ್ಲರಿಗೂ ಕಾಗದ ಹಂಚಿ, ಒಬ್ಬೊಬ್ಬರ ಶಕ್ತಿಯನ್ನೂ ಉಳಿದವರೆಲ್ಲ ಬರೆಯಿರಿ, ನಿಮ್ಮದನ್ನೂ ಬರೆಯಿರಿ ಎಂದರು. ಓದಿದಾಗ ನಗೆಯೋ ನಗೆ. ಬ್ರೇಕಿಲ್ಲದ ಗಾಡಿ ಓಡಿಸುವ ದೇವಿಂದ್ರನಿಗೆ 'ಧೈರ್ಯ' ಎಂದು ಬಂತು. ನನ್ನ ಸರದಿಯಲ್ಲಿ ನಲವತ್ತು ಕಾಗದದಲ್ಲೂ ಒಂದೇ ಮಾತು, 'ಆವಾಜು'. ನಾನೇ ಬರೆದ 'ಪಾಳಿ' ಎಂಬ ಕಾಗದವನ್ನು ಮೇಡಂ ಹಿಂದೆ ಮುಂದೆ ತಿರುಗಿಸಿ ನೋಡಿ ಎಲ್ಲಕ್ಕಿಂತ ಕೆಳಗೆ ಇಟ್ಟರು. ಖರೆ ಹೇಳುತ್ತೇನೆ, ಆ ನಲವತ್ತು ಕೇಳಿ ಒಂದು ಗಳಿಗೆ ನನಗೂ ಎದೆ ಉಬ್ಬಿತು. ಅದಕ್ಕೇ ನನ್ನ ಮೇಲೆ ನನಗೆ ಇನ್ನೂ ಸಿಟ್ಟು.

ಶಾಂತಪ್ಪ ಎದ್ದು ನಿಂತ. "ಇಂಥಾ ಆವಾಜು ಮನ್ಯಾಗ ಇಟಗೊಂಡು ಪೆಟಗಿ ಯಾಕ ಬೇಕು? ವಾಪಸ್ ಕಳಸ್ರಿ ಅದನ್ನ! ನಾಳಿಂದ ಮರಿಲಿಂಗ ಮುಂಜಾನಿ ಗೋಗಿ ನಾಕಾ, ಮಧ್ಯಾಹ್ನ ಸುರಪುರ ನಾಕಾ, ಎರಡೂ ನೋಡ್ತಾನ!"

ಚಪ್ಪಾಳೆ ಬಿತ್ತು. ಒಲ್ಲೆ ಎಂದು ಒದರಲು ಎದ್ದೆ. ಗಂಟಲಿನಿಂದ ತುಕ್ಕು ಹಿಡಿದ ಕದದ ಸದ್ದು ಬಂತು, ಅಷ್ಟೇ.

"ಪಾಪ, ಖುಷಿಗಿ ಮಾತೇ ಹೊರಗ ಬರವಲ್ದು" ಎಂದು ಶಾಂತಪ್ಪ ಕಣ್ಣೊರೆಸಿಕೊಂಡು ನನಗೆ ಶಾಲು ಹೊದಿಸಿದ. ಚೀಟಿ ತೆಗೆದು ಅವನ ಕೈಗಿಟ್ಟೆ. ಓದದೆ ಮಡಚಿ, "ಹಾರೈಕಿ ಎಲ್ಲಾ ಆಮ್ಯಾಲ ಓದ್ತೀನಿ" ಎಂದು ನನ್ನ ಜೇಬಿಗೇ ವಾಪಸ್ ಹಾಕಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ರಾತ್ರಿಯಿಡೀ ಬಿಸಿನೀರು ಕುಡಿದೆ. ಮರುದಿನ ಮುಂಜಾನೆ ಸ್ವಲ್ಪ ಧ್ವನಿ ಬಂದಿತ್ತು. ಅವನು ಹೊದಿಸಿದ ಶಾಲನ್ನೇ ಕೊರಳಿಗೆ ಸುತ್ತಿಕೊಂಡು ನಾಕಾದ ಕಲ್ಲು ಹತ್ತಿ ಚೀಟಿ ಬಿಚ್ಚಿದೆ. ಇದೇ ಕೊನೆಯ ಕೂಗು ಎಂದುಕೊಂಡು, ಇದ್ದಬದ್ದ ಗಂಟಲನ್ನೆಲ್ಲ ಸುರಿದು ಓದಿದೆ.

"ಈ ರೋಗಿಯ ಗಂಟಲಲ್ಲಿ ಗಂಟು ಇದೆ! ಆರು ತಿಂಗಳು ಕೂಗಬಾರದು! ಕೂಗಿದರೆ ಶಾಶ್ವತವಾಗಿ ಮಾತು ಹೋಗಬಹುದು!"

ಚಹಾ ಕುಡಿಯುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಶಾಂತಪ್ಪ ಹೋಟೆಲಿನಿಂದ ಬನಿಯನ್ನಿನಲ್ಲೇ ಓಡಿ ಬಂದ. ಅಂತೂ ಮುಟ್ಟಿತಲ್ಲ ಎಂದು ನನಗೆ ಅಳುವೇ ಬಂತು.

"ಮರಿಲಿಂಗಾ, ಬಸ್ ಸ್ಟ್ಯಾಂಡ್ ತನಕ ಕೇಳಸ್ತಲೇ! ಪೆಟಗಿ ವಾಪಸ್ ಕಳಿಸಿದ್ದು ಬರೋಬ್ಬರಿ ಆತು!"

"ಏನ್ ಕೇಳಸ್ತು?" ಪಿಸುಗುಟ್ಟಿದೆ.

ಅವನು ತಲೆ ಕೆರೆದುಕೊಂಡ. "ಅದಾ... ನಿನ್ನ ಆವಾಜು."

ಕಲ್ಲಿನಿಂದ ಇಳಿದೆ. ಶಾಲನ್ನು ಅವನ ಹೆಗಲಿಗೆ ಹಾಕಿ ಮನೆಯ ಕಡೆ ನಡೆದೆ. ಹಿಂದಿನಿಂದ ಅವನು "ಮರಿಲಿಂಗಾ, ಮರಿಲಿಂಗಾ, ಮರಿಲಿಂಗಾ!" ಎಂದು ಒಂದೇ ಸವನೆ ಕೂಗುತ್ತಿದ್ದ. ಬಸ್ ಸ್ಟ್ಯಾಂಡ್ ದಾಟಿದರೂ ಕೇಳಿಸುತ್ತಿತ್ತು. ಅವನ ಗಂಟಲೂ ಚೆನ್ನಾಗಿಯೇ ಇದೆ.